ವಿಜ್ಞಾನದ ಸುದ್ದಿಯನ್ನೂ ತೂರಿ ನೋಡಿ



2024ನೆಯ ಇಸವಿಯ ಜೂನ್ 23ರ ಬೆಳಿಗ್ಗೆ. ಆರಿದ್ರಾ ಮಳೆ ಆಗತಾನೆ ಹೂಡಿದ್ದ ದಿನಗಳು. ಚಳ್ಳಕೆರೆ ತಾಲ್ಲೂಕಿನ ಕಾವಲಿನ ಮೇಲೆ ವಾಯುಪಡೆಯ ಹೆಲಿಕಾಪ್ಟರೊಂದು 'ಪುಷ್ಪಕ್' ಎಂಬ ರೆಕ್ಕೆಯುಳ್ಳ ಆಕಾಶಯಾನವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದರೊಳಗೆ ಚಾಲಕನಿರಲಿಲ್ಲ. ಇಳಿಯುವ ದಾರಿಯಿಂದ ಐನೂರು ಮೀಟರು ಪಕ್ಕಕ್ಕೆ ಬೇಕೆಂದೇ ಬಿಟ್ಟಿದ್ದರೂ ಅದು ತಾನಾಗಿಯೇ ತಿರುಗಿ, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಹಿಂದಿನಿಂದ ಕೊಡೆ ಬಿಚ್ಚಿ ವೇಗ ತಗ್ಗಿಸಿಕೊಂಡು, ಗೆರೆ ಎಳೆದಂತೆ ನೇರವಾಗಿ ಓಡಿ ನಿಂತಿತು. 2023ರ ಏಪ್ರಿಲ್ 2ರಂದು ಮತ್ತು 2024ರ ಮಾರ್ಚ್ 22ರಂದು ಇದೇ ನೆಲದಲ್ಲಿ ಇಂಥ ಪರೀಕ್ಷೆಗಳು ನಡೆದಿದ್ದವು. ಮೂರೂ ಸಲ ಗೆಲುವೇ.

ಮಾರನೆಯ ದಿನ ಪತ್ರಿಕೆಯಲ್ಲಿ ಇದನ್ನು ಓದಿದಾಗ ನಿಮಗೆ ಏನೆನ್ನಿಸಿತು? ಚಹದಂಗಡಿಯ ಕಟ್ಟೆಯ ಮೇಲೆ ಇಂಥ ಸುದ್ದಿಗೆ ಎರಡು ಬಗೆಯ ಮಾತು ಹುಟ್ಟುವುದುಂಟು. "ನಮ್ಮ ಚಳ್ಳಕೆರೆ ಹೆಸರು ದಿಲ್ಲಿ ತನಕ ಹೋಯ್ತಲ್ಲಪ್ಪ" ಎಂಬುದು ಒಂದು. "ನಾಕೂವರೆ ಕಿಲೋಮೀಟರ್ ಮ್ಯಾಲಿಂದ ಬಿಟ್ಟಿದ್ದು ಗೆರೆ ಮ್ಯಾಲೆ ಇಳೀತದೆ, ನಮ್ಮೂರಿಗೆ ನಾಳೆ ಮಳೆ ಬರ್ತದೋ ಇಲ್ವೋ ಹೇಳಾಕೆ ಆಗಲ್ವೇನಣ್ಣ?" ಎಂಬುದು ಇನ್ನೊಂದು. ಮೊದಲನೆಯದು ಹೆಮ್ಮೆಯ ಮಾತು. ಎರಡನೆಯದು ನೊಂದ ಮಾತು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಬರೀ ಹೆಮ್ಮೆಯಿಂದ ಹೊಟ್ಟೆ ತುಂಬದು, ಬರೀ ಕುಹಕದಿಂದ ಬೆಳೆ ಬಾರದು. ಕಣದಲ್ಲಿ ರಾಶಿ ತೂರುವಾಗ ಜೊಳ್ಳು ಇದೆಯೆಂದು ಕಾಳನ್ನು ಚೆಲ್ಲುವುದಿಲ್ಲ, ಕಾಳು ಇದೆಯೆಂದು ಜೊಳ್ಳನ್ನು ಮನೆಗೆ ಹೊರುವುದೂ ಇಲ್ಲ. ಸುದ್ದಿಯನ್ನೂ ಹಾಗೆಯೇ ತೂರಿ ನೋಡಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಕಾವಲಿನ ಲೆಕ್ಕ

ಮೊದಲು ನೆಲದ ಮಾತನ್ನೇ ಆಡೋಣ. ಪುಷ್ಪಕ್ ಇಳಿದ ಜಾಗ ಬರಡು ಬಂಜರಲ್ಲ. ಅದು ಅಮೃತಮಹಲ್ ಕಾವಲು. ಮೈಸೂರು ಅರಸರು 'ಬೆಣ್ಣೆ ಚಾವಡಿ'ಯೆಂದು ಕರೆದು ಸಾಕಿದ, ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂದು ಹೆಸರಾದ ದನಗಳು ಮೇಯುತ್ತಿದ್ದ ಹುಲ್ಲುಗಾವಲು ಇದು. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಮತ್ತು ಕುರುಬರ ಕುರಿಹಿಂಡುಗಳು ಇಲ್ಲೇ ಮೇದವು. ಚಳ್ಳಕೆರೆ ಕಂಬಳಿಯ ಉಣ್ಣೆ ಇಂಥ ಹುಲ್ಲಿನಿಂದಲೇ ಬಂದದ್ದು. 2007ರಿಂದ 2010ರ ಒಳಗೆ ಉಳ್ಳಾರ್ತಿ, ಕುದಾಪುರ, ವರವು ಮುಂತಾದ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಹಂಚಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ ನಾಲ್ಕು ಸಾವಿರ ಎಕರೆಗೂ ಹೆಚ್ಚು, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ ದೊರೆತವು. ಒಂದು ಸೌರವಿದ್ಯುತ್ ಕಂಪನಿಗೂ ಪಾಲು ಹೋಯಿತು. ಗೋಡೆ ಏಳುವುದನ್ನು ಕಂಡ ಮೇಲೆಯೇ ಎಷ್ಟೋ ಊರುಗಳವರಿಗೆ ಸುದ್ದಿ ತಿಳಿದದ್ದು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿ 2014ರಲ್ಲಿ ತೀರ್ಪು ಬಂದಿತು. 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು.

ದೇಶಕ್ಕೆ ಇಂಥ ಪರೀಕ್ಷಾ ನೆಲ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಜನ ವಿರಳವಾದ, ಮೋಡ ಕಡಿಮೆಯಾದ, ಸಮತಟ್ಟಾದ ಜಾಗ ವಿಮಾನ ಪರೀಕ್ಷೆಗೆ ಅನುಕೂಲ. ಆದರೆ ಮೋಡ ಕಡಿಮೆಯೆಂಬ ಯಾವ ಗುಣ ಅವರಿಗೆ ಅನುಕೂಲವೋ ಅದೇ ನಮಗೆ ಕಷ್ಟ ಎಂಬುದನ್ನೂ ಯಾರಾದರೂ ನೆನೆಯಬೇಕಾಗಿತ್ತು. ಹುಲ್ಲುಗಾವಲನ್ನು ಕಂದಾಯದ ಕಡತದಲ್ಲಿ 'ಉಪಯೋಗಕ್ಕೆ ಬಾರದ ಭೂಮಿ' ಎಂಬ ಕಣ್ಣಿನಿಂದ ನೋಡುವುದು ಬ್ರಿಟಿಷರ ಕಾಲದಿಂದ ಬಂದ ರೋಗ. ಕುರಿಯ ಗೊಬ್ಬರವಿಲ್ಲದೆ ಕೆಂಪು ಜಮೀನಿನಲ್ಲಿ ಶೇಂಗಾ ಬೆಳೆಯುವುದು ಎಷ್ಟು ಕಷ್ಟವೆಂದು ತಮಗೆ ನಾನು ಹೇಳಬೇಕಾಗಿಲ್ಲ. ಕಾವಲು ಕಡಿಮೆಯಾದಾಗ ಹಿಂಡು ಕಡಿಮೆಯಾಗುತ್ತದೆ. ಹಿಂಡು ಕಡಿಮೆಯಾದಾಗ ಹೊಲದಲ್ಲಿ ಮಂದೆ ತರುಬುವುದು ನಿಲ್ಲುತ್ತದೆ. ಆ ನಷ್ಟ ಯಾವ ಯೋಜನಾ ವರದಿಯಲ್ಲೂ ಬರೆಯಲ್ಪಡುವುದಿಲ್ಲ.

ಇಷ್ಟು ಹೇಳಿದ ಮೇಲೆ, ಗೋಡೆಯನ್ನು ಬೈಯುತ್ತ ಕೂಡುವುದರಿಂದ ಈಗ ಫಲವಿಲ್ಲ. ನೆಲವನ್ನು ಕೊಟ್ಟವರು ನಾವು. ಬದಲಿಗೆ ನಮಗೆ ಬರಬೇಕಾದ ಜ್ಞಾನವನ್ನು ಹಕ್ಕಿನಿಂದ ಕೇಳೋಣ. ಕೇಳುವುದಕ್ಕೆ ಮೊದಲು ಯಾವ ಸುದ್ದಿಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ತಿಳಿಯುವ ಅಭ್ಯಾಸ ಬೇಕು.

ಮೂರು ಪ್ರಶ್ನೆಗಳು

ಯಾವುದೇ ಹೊಸ ಸಂಶೋಧನೆಯ, ಯೋಜನೆಯ, ಯಂತ್ರದ ಸುದ್ದಿ ಕಿವಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಹಾಕಿರಿ. ಇದು ಯಾವ ನೆಲದಲ್ಲಿ, ಎಷ್ಟು ಮಳೆಯಲ್ಲಿ ಪರೀಕ್ಷೆಯಾದದ್ದು? ನನ್ನ ಹೊಲಕ್ಕೆ ಬರಬೇಕಾದರೆ ನಡುವೆ ಇನ್ನೇನು ಬೇಕು? ಕೈಕೊಟ್ಟರೆ ನಷ್ಟ ಯಾರದು? ಈ ಮೂರಕ್ಕೂ ಉತ್ತರ ಸಿಕ್ಕರೆ ಅದು ಕಾಳು. ಒಂದಕ್ಕೂ ಸಿಗದಿದ್ದರೆ ಗಾಳಿಗೆ ಬಿಡಿರಿ. ಕೆಲವು ಸುದ್ದಿಗಳನ್ನು ಹೀಗೆ ತೂರಿ ನೋಡೋಣ.

ಮಳೆಯ ಸುದ್ದಿ

ಆಕಾಶಯಾನವನ್ನು ಗೆರೆಯ ಮೇಲೆ ಇಳಿಸಬಲ್ಲವರು ಮಳೆಯನ್ನೇಕೆ ಸರಿಯಾಗಿ ಹೇಳಲಾರರು? ಈ ಪ್ರಶ್ನೆಗೆ ಉತ್ತರ ಕೊಡುವುದು ನ್ಯಾಯ. ಪುಷ್ಪಕ್ ಎಲ್ಲಿದೆ, ಯಾವ ವೇಗದಲ್ಲಿದೆ ಎಂಬುದನ್ನು ಅದರೊಳಗಿನ ಉಪಕರಣಗಳು ಕ್ಷಣಕ್ಷಣವೂ ಅಳೆಯುತ್ತವೆ. ದಾರಿ ತಪ್ಪಿದರೆ ರೆಕ್ಕೆ ಅಲುಗಿಸಿ ಸರಿಪಡಿಸಬಹುದು. ಮೋಡಕ್ಕೆ ಅಂಥ ಚುಕ್ಕಾಣಿಯಿಲ್ಲ. ನಮ್ಮ ಕಡೆಯ ಗುಡುಗು ಮಳೆಯ ಮೋಡ ಕೆಲವೇ ಕಿಲೋಮೀಟರು ಅಗಲದ್ದು. ಎರಡು ಗಂಟೆಯಲ್ಲಿ ಹುಟ್ಟಿ, ಸುರಿದು, ಕರಗಿಹೋಗುತ್ತದೆ. ನಾಯಕನಹಟ್ಟಿಯಲ್ಲಿ ಹದವಾದರೆ ತಳಕಿನಲ್ಲಿ ಧೂಳು ಏಳುವುದು ಇದರಿಂದಲೇ. ಆದಕಾರಣ ಹವಾಮಾನದ ಮುನ್ಸೂಚನೆ 'ಸಾಧ್ಯತೆ'ಯ ಮಾತೇ ಹೊರತು ಮುಯ್ಯಿನ ಮಾತಲ್ಲ. ಹತ್ತರಲ್ಲಿ ಆರು ಪಾಲು ಮಳೆ ಸಾಧ್ಯ ಎಂದರೆ ನಾಲ್ಕು ಪಾಲು ಬಾರದಿರಲೂಬಹುದು. ಹೀಗೆ ಓದಲು ಕಲಿತವನು ಮುನ್ಸೂಚನೆಯನ್ನು ದೂರುವುದೂ ಇಲ್ಲ, ಅದನ್ನೇ ನಂಬಿ ಎಲ್ಲ ಬೀಜವನ್ನೂ ಒಂದೇ ದಿನ ನೆಲಕ್ಕೆ ಹಾಕುವುದೂ ಇಲ್ಲ.

ಮುನ್ಸೂಚನೆಗಿಂತ ಬೆಲೆಬಾಳುವ ಇನ್ನೊಂದು ಜ್ಞಾನವಿದೆ. ಅದು ಪತ್ರಿಕೆಯ ಮುಖಪುಟದಲ್ಲಿ ಬಂದದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ತಜ್ಞೆ ಡಾ. ಸುಲೋಚನಾ ಗಾಡ್ಗೀಳರು ಮತ್ತು ಸಂಗಡಿಗರು ನಮ್ಮ ನೆರೆಯ ಪಾವಗಡ, ಅನಂತಪುರ ಸೀಮೆಯ ರೈತರೊಡನೆ ಕುಳಿತು, ಬಹು ವರ್ಷಗಳ ಮಳೆಯ ಲೆಕ್ಕವನ್ನು ಶೇಂಗಾ ಬೆಳೆಯ ವಿವಿಧ ಹಂತಗಳಿಗೆ ಹೊಂದಿಸಿ ನೋಡಿದರು. ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಿತ್ತನೆಗೆ ಅವಕಾಶವುಂಟು. ಅದರಲ್ಲಿ ಜುಲೈ ನಡುವಿನ ಅನಂತರ ಬಿತ್ತಿದ ಬೆಳೆಗೆ ಒಣಗುವ ಅಪಾಯ ಕಡಿಮೆ ಎಂದು ಅವರು ಕಂಡರು. ಕಾರಣ ಸರಳವಾದದ್ದು. ನಮ್ಮ ಬಯಲು ಸೀಮೆಯ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆರಿದ್ರೆಯಲ್ಲೇ ಆತುರಪಟ್ಟು ಬಿತ್ತಿದ ಶೇಂಗಾ ಆಗಸ್ಟಿನ ಒಣ ಹವೆಯಲ್ಲಿ ಹೂಡು ಇಳಿಸಬೇಕಾಗುತ್ತದೆ. ಪುನರ್ವಸು, ಪುಷ್ಯ ಮಳೆಯಲ್ಲಿ ಬಿತ್ತಿದ್ದಕ್ಕೆ ಹೂಡು ಇಳಿದು ಕಾಯಿ ಬಲಿಯುವ ಹೊತ್ತಿಗೆ ಉತ್ತರೆ, ಹಸ್ತದ ಮಳೆ ದೊರೆಯುವ ಸಂಭವ ಹೆಚ್ಚು.

ಇದರ ಅರ್ಥ ಆರಿದ್ರೆಯ ಹದವನ್ನು ಯಾರೂ ಮುಟ್ಟಬಾರದೆಂದಲ್ಲ. ತಡವಾದರೆ ರೋಗ, ಕೀಟ ಹೆಚ್ಚು ಎಂಬ ರೈತರ ಅನುಭವವೂ ಸುಳ್ಳಲ್ಲ. ಹತ್ತು ಎಕರೆ ಇರುವವರು ಮೂರು ಕಂತಿನಲ್ಲಿ ಬಿತ್ತಿದರೆ ಒಂದು ಕಂತು ಕೈಕೊಟ್ಟರೂ ಉಳಿದದ್ದು ಕೈಹಿಡಿಯುತ್ತದೆ. ಸಾಲುಗಳ ನಡುವೆ ತೊಗರಿ ಇರಲಿ. ನನ್ನ ಮಟ್ಟಿಗೆ ಹೇಳುವುದಾದರೆ, ಪುಷ್ಪಕ್ ಇಳಿದ ಸುದ್ದಿಗಿಂತ ಇದು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಪಾಲಿಗೆ ದೊಡ್ಡ ಸುದ್ದಿ. ಕುದಾಪುರದಲ್ಲಿ ನೆಲ ಪಡೆದಿರುವ ಸಂಸ್ಥೆಯಿಂದಲೇ ಇಂಥ ಕೆಲಸ ಒಮ್ಮೆ ನಡೆದಿದೆ ಎಂದಾದ ಮೇಲೆ, ಮತ್ತೊಮ್ಮೆ ನಡೆಸಿರೆಂದು ಕೇಳುವುದಕ್ಕೆ ನಾವು ಸಂಕೋಚಪಡಬೇಕಾಗಿಲ್ಲ.

ಇನ್ನೊಂದು ವಿಷಾದದ ಸಂಗತಿ. ಹವಾಮಾನ ಇಲಾಖೆಯ ನೆರವಿನಿಂದ ಹಲವು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳು ನಡೆಯುತ್ತಿದ್ದವು. ಮುನ್ಸೂಚನೆಯನ್ನು ಆಯಾ ತಾಲ್ಲೂಕಿನ ಬೆಳೆಗೆ ಹೊಂದಿಸಿ, ಇಂದು ಔಷಧಿ ಹೊಡೆಯಬೇಡಿ, ನಾಳೆ ಕೀಳಬೇಡಿ ಎಂದು ಕನ್ನಡದಲ್ಲಿ ಹೇಳುವ ಕೆಲಸ ಅವುಗಳದು. ದೇಶದಾದ್ಯಂತ ಇದ್ದ ಅಂಥ 199 ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲಾಯಿತು. ಅಂದರೆ ಪುಷ್ಪಕ್ ಎರಡನೆಯ ಸಲ ಇಳಿದ ಹೊತ್ತಿನಲ್ಲೇ. ಆಕಾಶಯಾನಕ್ಕೆ ಹಣ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಉಪಗ್ರಹದಿಂದ ಇಳಿದ ಮಾಹಿತಿ ಹೊಲದ ಬದುವಿಗೆ ಬರಬೇಕಾದರೆ ಕೊನೆಯ ಹತ್ತು ಮೈಲಿಗೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯನ ಸಂಬಳ ಉಳಿಸುವುದು ಉಳಿತಾಯವಲ್ಲ. ಬಾವಿ ತೋಡಿ ಹಗ್ಗಕ್ಕೆ ಕಾಸಿಲ್ಲವೆಂದಂತೆ ಅದು.

ಮೋಡ ಬಿತ್ತನೆಯ ಸುದ್ದಿ

ಬರ ಬಂದಾಗಲೆಲ್ಲ ಕೇಳಿಬರುವ ಸುದ್ದಿ ಇದು. ನಮ್ಮ ರಾಜ್ಯದಲ್ಲಿ 2003ರಲ್ಲಿ 'ವರುಣ' ಹೆಸರಿನಲ್ಲಿ, 2017 ಮತ್ತು 2019ರಲ್ಲಿ 'ವರ್ಷಧಾರೆ' ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಲಾಯಿತು. ಇದನ್ನು ಪೂರ್ತಿ ಬೊಗಳೆಯೆನ್ನುವವರೂ ತಪ್ಪು, ಇದೇ ಬರಕ್ಕೆ ಮದ್ದೆನ್ನುವವರೂ ತಪ್ಪು. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ಸೊಲ್ಲಾಪುರದಲ್ಲಿ ಪದ್ಧತಿ ಪ್ರಕಾರ ಪರೀಕ್ಷಿಸಿ, ಸೀಮಿತ ಪ್ರದೇಶದಲ್ಲಿ ನೂರಕ್ಕೆ ಸುಮಾರು 18ರಷ್ಟು ಮಳೆ ಹೆಚ್ಚಿದ್ದನ್ನು ಕಂಡರು. ಆದರೆ ಅದು ತಕ್ಕ ಮೋಡವಿದ್ದಾಗ ಮಾತ್ರ. ಇಲ್ಲದ ಮೋಡವನ್ನು ಯಾವ ವಿಮಾನವೂ ತರಲಾರದು. ಬರಗಾಲದಲ್ಲಿ ನಮಗಿರುವ ತೊಂದರೆಯೇ ಮೋಡವಿಲ್ಲದಿರುವುದು! ಹಸುವೇ ಇಲ್ಲದ ಮನೆಗೆ ಹಾಲು ಹೆಚ್ಚಿಸುವ ಹಿಂಡಿ ತಂದಂತೆ.

ಹೋಲಿಕೆಗೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಎಂದರೆ ನಾಲ್ಕು ಸಾವಿರ ಲೀಟರು ನೀರು. ಬಿದ್ದ ಮಳೆಯಲ್ಲಿ ಹತ್ತು ಮಿಲಿಮೀಟರು ಹರಿದುಹೋಗದಂತೆ ಬದು, ಇಳಿಜಾರಿಗೆ ಅಡ್ಡ ಉಳುಮೆ, ಸಾಲುಗಳ ನಡುವೆ ಅಲ್ಲಲ್ಲಿ ಮಡಿಕೆ ತೆಗೆದು ಹಿಡಿದಿಟ್ಟರೆ ಎಕರೆಗೆ ನಲವತ್ತು ಸಾವಿರ ಲೀಟರು ಮಣ್ಣಿನೊಳಗೆ ಉಳಿಯಿತು. ಇದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗದ ವರ್ಷಧಾರೆ.

ಹೊಸ ತಳಿಯ ಸುದ್ದಿ

ಶೇಂಗಾದಲ್ಲಿ ಹೊಸ ತಳಿಗಳ ಸುದ್ದಿಗೆ ಬರವಿಲ್ಲ. ಧಾರವಾಡದ ಜಿಪಿಬಿಡಿ-4, ಟ್ರಾಂಬೆಯಲ್ಲಿ ವಿಕಿರಣದ ಬಳಕೆಯಿಂದ ಪಡೆದ ಟಿಎಜಿ-24, ಇಕ್ರಿಸ್ಯಾಟಿನ ಐಸಿಜಿವಿ 91114, ಗಡಿಯಾಚೆ ಕದಿರಿಯಿಂದ ಬಂದ ಕೆ-6 ಮತ್ತು ಕದಿರಿ ಲೇಪಾಕ್ಷಿ ಎಂದು ಹೆಸರು ಬೆಳೆಯುತ್ತದೆ. ಹೀಗಿದ್ದೂ 1940ರಲ್ಲಿ ತಿಂಡಿವನದಿಂದ ಹೊರಬಂದ ಟಿಎಂವಿ-2 ಇಷ್ಟು ಕಾಲ ನಮ್ಮ ಹೊಲಗಳನ್ನು ಬಿಡದೆ ಉಳಿದದ್ದೇಕೆ? ರೈತ ಹಿಂದುಳಿದವನು, ಹೊಸದಕ್ಕೆ ಹೆದರುವವನು ಎಂದು ಹಿಂದೆ ನಾವು ವಿಸ್ತರಣಾ ಕಾರ್ಯಕರ್ತರೂ ಭಾಷಣ ಮಾಡಿದ್ದುಂಟು. ಅದು ತಪ್ಪು ತಿಳಿವಳಿಕೆ.

ನಿಜವಾದ ಕಾರಣ ಬೀಜದ ಲೆಕ್ಕದಲ್ಲಿದೆ. ರಾಗಿಯ ಒಂದು ಸೇರು ಬೀಜದಿಂದ ಊರಿಗೆಲ್ಲ ಬೀಜವಾಗುತ್ತದೆ. ಶೇಂಗಾ ಎಕರೆಗೆ 40ರಿಂದ 45 ಕಿಲೋಗ್ರಾಂ ಬೀಜ ನುಂಗುತ್ತದೆ, ಹಿಂದಕ್ಕೆ ಕೊಡುವುದು ಅದರ ಎಂಟು ಹತ್ತು ಪಟ್ಟು ಮಾತ್ರ. ಮಳೆ ಕೈಕೊಟ್ಟರೆ ಬೀಜದಷ್ಟೂ ಬಾರದು. ಹೀಗಾಗಿ ಹೊಸ ತಳಿ ಒಂದು ತಾಲ್ಲೂಕಿಗೆ ಸಾಲುವಷ್ಟು ಬೆಳೆಯಲು ವರ್ಷಗಳೇ ಹಿಡಿಯುತ್ತವೆ. ಸಂಶೋಧನಾ ಕೇಂದ್ರದ ಇಳುವರಿಯ ಅಂಕಿ ಬಹುಮಟ್ಟಿಗೆ ಹದವಾದ ಗೊಬ್ಬರ, ಹೊತ್ತಿಗೆ ಸಿಕ್ಕ ನೀರು, ಕಾಲಕ್ಕೆ ಸಿಕ್ಕ ಆಳುಗಳೊಡನೆ ಬಂದದ್ದು. ವರ್ಷಕ್ಕೆ 500 ಮಿಲಿಮೀಟರು ಆಸುಪಾಸಿನ ಮಳೆ, ಮೊಳದಾಳದ ಕೆಂಪು ಮಣ್ಣು ಇರುವ ನಿಮ್ಮ ಹೊಲದಲ್ಲಿ ಅದು ಎಷ್ಟು ಬರುತ್ತದೆಂಬುದನ್ನು ನಿಮ್ಮ ಹೊಲವೇ ಹೇಳಬೇಕು.

ಆದುದರಿಂದ ನನ್ನ ಸಲಹೆ ಇದು. ಹೊಸ ತಳಿಯ ಹೆಸರು ಕೇಳಿ ಇಡೀ ಹೊಲ ಬದಲಿಸಬೇಡಿ. ಹತ್ತು ಗುಂಟೆಯಲ್ಲಿ ಹೊಸದು, ಅದರ ಪಕ್ಕದ ಹತ್ತು ಗುಂಟೆಯಲ್ಲಿ ಹಳೆಯದು, ಎರಡಕ್ಕೂ ಒಂದೇ ದಿನ ಬಿತ್ತನೆ, ಒಂದೇ ಉಪಚಾರ. ಕಿತ್ತ ಮೇಲೆ ಕಾಯಿ, ಮೇವು ಎರಡನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಸುಲಿದಾಗ ಎಷ್ಟು ಬೀಜ ಬಿತ್ತು, ಮಂಡಿಯಲ್ಲಿ ಎಷ್ಟು ದರ ಸಿಕ್ಕಿತು ಎಂಬುದೂ ಲೆಕ್ಕಕ್ಕೆ ಬರಲಿ. ಯಾವ ಬೀಜವಾದರೂ ಸರಿ, ಬಿತ್ತುವ ಹದಿನೈದು ದಿನ ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಅದು ಬೀಜವಲ್ಲ, ಎಣ್ಣೆ ಗಿರಣಿಗೆ ಹೋಗಬೇಕಾದ ಸರಕು. ಎರಡು ವರ್ಷದ ಇಂಥ ಪುಸ್ತಕ ಇರುವ ರೈತನ ಮುಂದೆ ಯಾವ ವಿಜ್ಞಾನಿಯೂ ಎದ್ದು ನಿಂತು ಕೇಳುತ್ತಾನೆ.

ಬೆಲೆಯ ಸುದ್ದಿ

2025ರ ಮೇ ತಿಂಗಳ ಕೊನೆಯ ವಾರದಲ್ಲಿ ಎರಡು ಸುದ್ದಿಗಳು ಬಂದವು. 28ರಂದು ಶೇಂಗಾದ ಬೆಂಬಲ ಬೆಲೆಯನ್ನು ಕ್ವಿಂಟಾಲಿಗೆ 6,783 ರೂಪಾಯಿಯಿಂದ 7,263ಕ್ಕೆ ಏರಿಸಲಾಯಿತು. ಇದು ರೈತರ ಪುಟದಲ್ಲಿ ದೊಡ್ಡದಾಗಿ ಅಚ್ಚಾಯಿತು. ಎರಡು ದಿನ ಕಳೆದು 30ರಂದು ಹೊರದೇಶದ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸಲಾಯಿತು. ಇದು ವ್ಯಾಪಾರದ ಪುಟದ ಮೂಲೆಯಲ್ಲಿ ಬಂದಿತು. ಎರಡೂ ನಮ್ಮದೇ ಸುದ್ದಿ. ಒಂದು ಕೈ ಏರಿಸಿದ್ದನ್ನು ಇನ್ನೊಂದು ಕೈ ಜಗ್ಗುತ್ತದೆ. ಪೇಟೆಯ ಗೃಹಿಣಿಗೆ ಅಗ್ಗದ ಎಣ್ಣೆ ಬೇಕು, ಸರಿ. ಆದರೆ ಅದರ ಭಾರ ಹೊರುವ ಹೆಗಲು ಯಾರದೆಂಬುದನ್ನೂ ಹೇಳಬೇಕಲ್ಲವೆ?

ಚಳ್ಳಕೆರೆ 'ಎಣ್ಣೆ ನಗರ'ವೆಂದು ಹೆಸರಾದದ್ದು ಸುತ್ತಣ ಶೇಂಗಾದಿಂದ ಮತ್ತು ಅದನ್ನು ಹಿಂಡಿದ ಗಿರಣಿಗಳಿಂದ. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಹೊರಟಾಗ ಬೀಜ, ಬೆಲೆ, ಆಮದಿನ ಹತೋಟಿ ಮೂರೂ ಒಟ್ಟಿಗೆ ಸೇರಿದ್ದವು. ಕೆಲವೇ ವರ್ಷಗಳಲ್ಲಿ ದೇಶ ಖಾದ್ಯತೈಲದಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಯಿತು. 1994ರ ಅನಂತರ ಆಮದಿನ ಬಾಗಿಲು ತೆರೆದಾಗ ಆ ಗೆಲುವು ಕೈಜಾರಿತು. ಈಗ ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. 2024ರಲ್ಲಿ ಎಣ್ಣೆಕಾಳುಗಳಿಗಾಗಿ ಮತ್ತೊಂದು ರಾಷ್ಟ್ರೀಯ ಮಿಷನ್ ಘೋಷಣೆಯಾಗಿದೆ. ಸ್ವಾಗತ. ಆದರೆ ಬೀಜದ ಮಿಷನ್ ಒಂದು ಕಡೆ, ಸುಂಕದ ಆಜ್ಞೆ ಇನ್ನೊಂದು ಕಡೆ ಎಳೆದರೆ ಬಂಡಿ ಸಾಗದು. ಬೆಂಬಲ ಬೆಲೆಯ ಸುದ್ದಿ ಓದಿದಾಗ ಖರೀದಿ ಕೇಂದ್ರ ಯಾವ ದಿನ, ಯಾವ ಊರಿನಲ್ಲಿ ತೆರೆಯುತ್ತದೆ ಎಂದು ತಪ್ಪದೆ ಕೇಳಿರಿ. ಕಾಯಿ ಮಾರಿಹೋದ ಮೇಲೆ ತೆರೆದ ಕೇಂದ್ರದಿಂದ ಲಾಭವಾಗುವುದು ರೈತನಿಗಲ್ಲ.

ವಿಮೆಯ ಸುದ್ದಿ

ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ನಡೆದಿದೆ. ಮುಂಗಾರು ಬೆಳೆಗೆ ರೈತನ ಕಂತು ವಿಮಾ ಮೊತ್ತದ ನೂರಕ್ಕೆ ಎರಡು. ಯೋಜನೆ ಒಳ್ಳೆಯದೇ, ಕಟ್ಟದಿರುವುದು ಜಾಣತನವಲ್ಲ. ಆದರೆ ಅದರ ಹೊಟ್ಟೆಯೊಳಗಿನ ಲೆಕ್ಕವನ್ನು ತಿಳಿದಿರಬೇಕು. ಪರಿಹಾರ ನಿಮ್ಮ ಒಂದು ಹೊಲದ ಮೇಲೆ ಲೆಕ್ಕವಾಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಆರಿಸಿದ ಕೆಲವೇ ಹೊಲಗಳ ಬೆಳೆ ಕಟಾವು ಪ್ರಯೋಗದಿಂದ ಇಡೀ ಪಂಚಾಯಿತಿಯ ಇಳುವರಿ ಗೊತ್ತಾಗುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯಿಂದ ಭರವಸೆಯ ಇಳುವರಿ ನಿರ್ಧಾರವಾಗುತ್ತದೆ.

ಉದಾಹರಣೆಗೆ ಒಂದು ಪಂಚಾಯಿತಿಯಲ್ಲಿ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 800, 700, 650, 300, 300, 250, 200 ಕಿಲೋಗ್ರಾಂ ಬಂದಿತ್ತೆನ್ನೋಣ. ಉತ್ತಮ ಐದರ ಸರಾಸರಿ 550. ನೂರಕ್ಕೆ 80ರ ಭರವಸೆಯಾದರೆ 440. ಒಳ್ಳೆಯ ವರ್ಷದಲ್ಲಿ ಏಳು ಎಂಟು ನೂರು ತೆಗೆಯುವ ನೆಲಕ್ಕೆ ಭರವಸೆ 440 ಮಾತ್ರ! ಅಂದರೆ ಬರ ಹೆಚ್ಚು ಸಲ ಬಂದಷ್ಟೂ ಬರದ ಪರಿಹಾರದ ಅಳತೆಗೋಲು ಕುಗ್ಗುತ್ತದೆ. ನೀರಾವರಿ ಸೀಮೆಗೆ ತೊಂದರೆ ಕೊಡದ ಈ ಸೂತ್ರ ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳಿಗೆ ನ್ಯಾಯವಲ್ಲ. ಸತತ ಬರದ ತಾಲ್ಲೂಕುಗಳಿಗೆ ಬೇರೆ ಸೂತ್ರ ಬೇಕೆಂದು ನಮ್ಮ ಶಾಸಕರು, ಸಂಸತ್ ಸದಸ್ಯರು, ರೈತ ಸಂಘಗಳು ಕೇಳಬೇಕಾದದ್ದು ಇದನ್ನು.

ಅಲ್ಲಿಯವರೆಗೆ ನಿಮ್ಮ ಕೈಲಿರುವುದನ್ನು ಮಾಡಿರಿ. ಕಟಾವು ಪ್ರಯೋಗದ ದಿನ ಯಾವುದೆಂದು ಪಂಚಾಯಿತಿಯಲ್ಲಿ ಕೇಳಿ, ಹತ್ತು ಜನ ಹೋಗಿ ನಿಲ್ಲಿರಿ. ಹಸಿ ಕಾಯಿಯ ತೂಕವನ್ನೇ ಒಣ ತೂಕವೆಂದು ಬರೆದರೆ ಇಡೀ ಪಂಚಾಯಿತಿಗೆ ನಷ್ಟ. ಬೆಳೆ ಸಮೀಕ್ಷೆಯಲ್ಲಿ ಶೇಂಗಾ ಎಂದೇ ದಾಖಲಾಗಿದೆಯೆ ನೋಡಿಕೊಳ್ಳಿ. ಅಲ್ಲಿ ಒಂದು ಬೆಳೆ, ವಿಮೆಯಲ್ಲಿ ಇನ್ನೊಂದು ಬೆಳೆ ಇದ್ದರೆ ಪರಿಹಾರ ನಿಲ್ಲುತ್ತದೆ. ಆಲಿಕಲ್ಲು, ನೆರೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬುದನ್ನು ಮರೆಯಬೇಡಿ.

ಸೋಲನ್ನೂ ಬರೆದಿಡುವುದು

ಆಕಾಶದವರಿಂದ ನಾವು ಕಲಿಯಬೇಕಾದ ದೊಡ್ಡ ಪಾಠ ಒಂದಿದೆ. ಚಂದ್ರನ ಮೇಲಿಳಿಯುವ ಉಪಕರಣಗಳನ್ನು ಪರೀಕ್ಷಿಸಲು ನಮ್ಮ ಉಳ್ಳಾರ್ತಿಯ ಕಡೆ ಚಂದ್ರನ ಕುಳಿಗಳಂಥ ಗುಂಡಿಗಳನ್ನು ತೋಡಿದ್ದರು. ಅಷ್ಟು ಸಿದ್ಧತೆಯಾಗಿಯೂ 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಇಳಿಯಾನ ಚಂದ್ರನ ಮೇಲೆ ಅಪ್ಪಳಿಸಿತು. ಅದೇ ತಿಂಗಳು ಇಲ್ಲಿಂದ ಹಾರಿದ ಚಾಲಕರಹಿತ ವಿಮಾನವೊಂದು ಚಿತ್ರದುರ್ಗದ ಬಳಿ ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ ಬಿದ್ದಿತು. 2023ರ ಆಗಸ್ಟ್ 20ರಂದು ಅಂಥ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ಮೂರು ದಿನ ಕಳೆದು ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ನಿಂತಿತು. ಸೋತದ್ದೇಕೆಂದು ಅವರು ಒಂದೊಂದನ್ನೂ ಬರೆದಿಟ್ಟರು, ತಿದ್ದಿದರು, ಮತ್ತೆ ಮಾಡಿದರು. ಗೆಲುವು ಬಂದದ್ದು ಅದರಿಂದ.

ಆ ಆಗಸ್ಟ್ ನಿಮಗೂ ನೆನಪಿದೆ. ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಚಂದ್ರನ ಸುದ್ದಿ ಓದಿ ಮಕ್ಕಳು ಪಟಾಕಿ ಹೊಡೆದ ಸಂಜೆ ಹೊಲದಲ್ಲಿ ಹೂಡು ಇಳಿಯದೆ ಬಾಡಿದ ಶೇಂಗಾ ಇತ್ತು. ಆ ಬೆಳೆ ಯಾವ ದಿನ ಬಿತ್ತಿದ್ದು, ಎಷ್ಟು ಮಳೆ ಕಂಡದ್ದು, ಪಕ್ಕದ ಹೊಲದಲ್ಲಿ ಉಳಿದದ್ದೇಕೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬರೆದಿಟ್ಟೆವು? ನಾವು ವಿಸ್ತರಣೆಯವರೂ ಗೆದ್ದ ಪ್ರಾತ್ಯಕ್ಷಿಕೆಯ ಚಿತ್ರವನ್ನು ಪತ್ರಿಕೆಗೆ ಕಳಿಸುತ್ತೇವೆ, ಸೋತದ್ದರ ಮಾತೆತ್ತುವುದಿಲ್ಲ. ಸೋಲನ್ನು ಮುಚ್ಚಿಟ್ಟವನು ಅದನ್ನೇ ಮುಂದಿನ ವರ್ಷವೂ ಬಿತ್ತುತ್ತಾನೆ.

ಏನನ್ನು ಕೇಳಬೇಕು?

ವಿಜ್ಞಾನ ನಗರಿಯನ್ನು, ಸರಕಾರವನ್ನು, ನಮ್ಮಂಥ ವಿಶ್ವವಿದ್ಯಾನಿಲಯದವರನ್ನು ಕೇಳಬೇಕಾದದ್ದು ಬಹಳವಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ತಾನಾಗಿಯೇ ಮಳೆ ಅಳೆದು ಬೆಂಗಳೂರಿಗೆ ತಿಳಿಸುತ್ತದೆ. ಅದೇ ಅಂಕಿಯನ್ನು ಪಂಚಾಯಿತಿಯ ಗೋಡೆಯ ಹಲಗೆಯ ಮೇಲೆ ದಿನವೂ ಸೀಮೆಸುಣ್ಣದಿಂದ ಬರೆಯಲಿ. ಬೆಂಗಳೂರಿಗೆ ಗೊತ್ತಿರುವ ನಮ್ಮೂರ ಮಳೆ ನಮ್ಮೂರಿಗೇ ಗೊತ್ತಿಲ್ಲದಿರುವುದು ಚೆಂದವಲ್ಲ. ಕುದಾಪುರದ ಆವರಣದಲ್ಲಿ ನಾಡಿನ ಶಾಲಾ ಕಾಲೇಜು ಅಧ್ಯಾಪಕರಿಗೆ ತರಬೇತಿ ಕೊಡುವ ಒಳ್ಳೆಯ ಕೆಲಸ ನಡೆದು ಬಂದಿದೆ. ಅಂತೆಯೇ ವರ್ಷಕ್ಕೊಮ್ಮೆ, ಬಿತ್ತನೆಗೆ ಮೊದಲು, ಸುತ್ತಣ ಹಳ್ಳಿಗಳ ರೈತರಿಗೂ ಬಾಗಿಲು ತೆರೆದು ಮಳೆಯ ಲೆಕ್ಕವನ್ನು ಕನ್ನಡದಲ್ಲಿ ಹೇಳಲಿ. ಉಳಿದ ಕಾವಲು ಉಳಿಯಲಿ. ಗೋಡೆಯೊಳಗೆ ಬಳಸದೆ ಬಿದ್ದಿರುವ ಹುಲ್ಲನ್ನು ಗೊತ್ತಾದ ತಿಂಗಳುಗಳಲ್ಲಿ ಕೊಯ್ದುಕೊಳ್ಳಲು ಅಪ್ಪಣೆಯಾಗಲಿ. ಹವಾಮಾನವನ್ನು ಬೆಳೆಗೆ ಹೊಂದಿಸಿ ಹೇಳುವ ಒಬ್ಬ ಮನುಷ್ಯ ಪ್ರತಿ ಒಣ ಜಿಲ್ಲೆಯಲ್ಲೂ ಇರಲಿ.

ಇದರಲ್ಲಿ ಯಾವುದೂ ಚಂದ್ರನಿಗೆ ಹೋಗುವಷ್ಟು ಕಷ್ಟದ ಕೆಲಸವಲ್ಲ.

ನಿಮ್ಮನ್ನು ಕೇಳಬೇಕಾದದ್ದು ಒಂದೇ. ಈ ಮುಂಗಾರಿಗೆ ಒಂದು ನೋಟ್ ಪುಸ್ತಕ ಕೊಂಡು ತನ್ನಿರಿ. ನೇರ ಅಂಚಿನ ಒಂದು ಡಬ್ಬಿಯನ್ನು ಬಯಲಲ್ಲಿಟ್ಟು, ಬಿದ್ದ ಮಳೆಯನ್ನು ಮಕ್ಕಳ ಅಳತೆಪಟ್ಟಿಯಿಂದ ಅಳೆದು ಮಿಲಿಮೀಟರಿನಲ್ಲಿ ಬರೆಸಿರಿ. ಬಿತ್ತಿದ ದಿನ, ಬೀಜದ ಹೆಸರು, ಹೂ ಬಂದ ದಿನ, ಕಿತ್ತ ದಿನ, ತೂಕ, ಮಾರಿದ ದರ ಇಷ್ಟನ್ನು ಬರೆಯಿರಿ. ಹಸ್ತದ ಮಳೆ ಕಳೆದ ಮೇಲೆ ಊರಿನ ನಾಲ್ಕು ಜನ ತಮ್ಮ ತಮ್ಮ ಪುಸ್ತಕ ಹಿಡಿದು ದೇವಸ್ಥಾನದ ಕಟ್ಟೆಯಲ್ಲಿ ಕುಳಿತು ಹೋಲಿಸಿ ನೋಡಿರಿ. ಹಿರಿಯೂರಿನ ಬಬ್ಬೂರು ಫಾರಂಗೆ ಬರುವಾಗ ಅದನ್ನು ಜೊತೆಗೆ ತನ್ನಿರಿ. ಆ ಪುಸ್ತಕದಲ್ಲಿ ನಮ್ಮ ಶಿಫಾರಸು ಸುಳ್ಳಾಗಿದ್ದರೆ ಸಂಕೋಚಪಡದೆ ತೋರಿಸಿರಿ. ತಿದ್ದಿಕೊಳ್ಳುವುದು ನಮ್ಮ ಕೆಲಸ.